ಬಲದಿಂದ ಓದುವವರಿಗೂ ಬಾಗಿಲಿರಲಿ

ಉರ್ದು ಪುಸ್ತಕವನ್ನು ಹಿಂದಿನಿಂದ ಓದುತ್ತಾರೆಂದು ನಮ್ಮಲ್ಲಿ ಹಲವರು ನಗುತ್ತಾರೆ. ಅಕ್ಕಂದಿರೇ, ಅದು ಹಿಂದಲ್ಲ, ಆ ಪುಸ್ತಕದ ಮುಂದೇ ಅದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಕನ್ನಡ, ಮರಾಠಿಯ ಜೊತೆ ಉರ್ದುವಿನಲ್ಲೂ ಅಕ್ಷರ ಕಲಿಯುವ ಮಕ್ಕಳಿದ್ದಾರೆ. ಅವರ ಕಣ್ಣು ಬಲದಿಂದ ಎಡಕ್ಕೆ ಪಳಗಿದೆ.

ಪುಸ್ತಕ ಅಚ್ಚು ಹಾಕುವವರು ಇದನ್ನರಿತು ಬಲಗಡೆಗೇ ಹೊಲಿಗೆ ಹಾಕುತ್ತಾರೆ. ವೆಬ್‌ಸೈಟ್ ಮಾಡುವವರಿಗೇಕೆ ಅರಿವಾಗದು? ಉರ್ದು ಅಕ್ಷರಗಳನ್ನು ಕನ್ನಡದ ಚೌಕಟ್ಟಿಗೆ ಸುರಿದು ಕೈತೊಳೆದುಕೊಳ್ಳುತ್ತಾರೆ. ಮೆನು ಎಡಕ್ಕೇ ಉಳಿಯುತ್ತದೆ. 'ಮುಂದೆ' ಎಂಬ ಬಾಣ ಹಿಂದಕ್ಕೆ ತೋರಿಸುತ್ತದೆ. ನಡುವೆ ಇಂಗ್ಲಿಷ್ ಹೆಸರು ಬಂದರೆ ಪದಗಳು ಅದಲುಬದಲಾಗುತ್ತವೆ. ಹಾಗೆಂದು ಎಲ್ಲವನ್ನೂ ಕನ್ನಡಿಯಂತೆ ತಿರುಗಿಸುವಂತೆಯೂ ಇಲ್ಲ. ಉರ್ದುವಿನಲ್ಲೂ ಅಂಕಿಗಳು ಎಡದಿಂದ ಬಲಕ್ಕೇ ಸಾಗುತ್ತವೆ.

ತಾಂತ್ರಿಕ ತೊಡಕೆನ್ನಬೇಡಿ. ಪುಟದ ದಿಕ್ಕು ತಿಳಿಸುವ ಸೂಚನೆ 1997ರ ಎಚ್‌ಟಿಎಂಎಲ್‌ನಲ್ಲೇ ಇದೆ. ಈ ಬರವಣಿಗೆ ನಮ್ಮ ನೆಲದ್ದಲ್ಲ ಎಂದೂ ಹೇಳಬೇಡಿ. ಕ್ರಿ.ಪೂ. 3ನೇ ಶತಮಾನದಲ್ಲಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಬರೆದ ಚಪಡ, ತಾನು ಲಿಪಿಕಾರನೆಂಬ ಮಾತನ್ನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲೇ ಕೊರೆದಿದ್ದಾನೆ.

ಉರ್ದುವೊಂದನ್ನೇ ಓದಬಲ್ಲ ತಾಯಿ, ಮಗಳ ವಿದ್ಯಾರ್ಥಿವೇತನದ ಅರ್ಜಿಯನ್ನು ಅಂಗಡಿಯವನ ಕೈಗಿತ್ತು, ಅವನು ತುಂಬಿದ್ದೇ ಸರಿಯೆಂದು ದುಡ್ಡು ತೆತ್ತು ಬರಬೇಕೆ? ಬೋರ್ಡಿನ ಮೇಲೆ ತನ್ನ ಭಾಷೆ ಕಾಣದಿದ್ದರೆ ಆಗುವ ಸಂಕಟವನ್ನು ಗಡಿಯವರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಮಗಾಗಿ ಕೇಳಿದ್ದನ್ನು ನೆರೆಮನೆಯವಳಿಗಾಗಿಯೂ ಕೇಳೋಣ. ನಿಮ್ಮ ಮನೆಯಲ್ಲಿ ಕಂಪ್ಯೂಟರ್ ಕೆಲಸದ ಮಗನೋ ಮಗಳೋ ಇದ್ದರೆ, ಮೊದಲು ಅವರನ್ನೇ ಕೇಳಿ.