ವೈದ್ಯಶಿಬಿರಗಳೂ ಹೊಸ ದಾದಿಯರೂ

ದಾದಿವಿದ್ಯೆಯ ಪರೀಕ್ಷೆಯಲ್ಲಿ ಉತ್ತೀರ್ಣರಾದ ತರುಣಿಯರು ಉದ್ಯೋಗಕ್ಕೆ ಸೇರುವ ಮುನ್ನ ಕೆಲವು ದಿನಗಳನ್ನು ಹಳ್ಳಿಗಳ ಉಚಿತ ವೈದ್ಯಶಿಬಿರಗಳಿಗೆ ಮೀಸಲಿಡುವುದು ಸ್ತುತ್ಯವಾದ ಕಾರ್ಯ. ದಾವಣಗೆರೆಯಲ್ಲಿ ವೈದ್ಯಕೀಯ ಕಾಲೇಜುಗಳಿವೆ, ದೊಡ್ಡ ಆಸ್ಪತ್ರೆಗಳಿವೆ. ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಒಳಹಳ್ಳಿಯ ಮುದುಕಿಯೊಬ್ಬಳು ಅಲ್ಲಿಗೆ ಹೋಗಿಬರಬೇಕಾದರೆ ಅವಳ ಒಂದು ದಿನದ ಕೂಲಿಯೊಡನೆ ಜೊತೆಗೆ ಬರುವ ಮಗನ ಕೂಲಿಯೂ ಹೋಗುತ್ತದೆ. ಶಿಬಿರವೇ ಅವಳ ಊರಿಗೆ ಬರುವುದು ಮಹದುಪಕಾರವೆಂಬುದರಲ್ಲಿ ಸಂದೇಹವಿಲ್ಲ.

ಶಿಬಿರ ಮುಗಿದ ಮರುದಿನ ಏನಾಗುತ್ತದೆಂಬುದೇ ನಮ್ಮ ಪ್ರಶ್ನೆ. ರಕ್ತದೊತ್ತಡವೂ ಸಕ್ಕರೆ ಕಾಯಿಲೆಯೂ ಬಹುಕಾಲ ಯಾವ ನೋವನ್ನೂ ಕೊಡದೆ ಒಳಗೇ ಬೆಳೆಯತಕ್ಕವು. ಅವುಗಳಿಗೆ ಔಷಧವನ್ನು ವರ್ಷಗಟ್ಟಲೆ ತಪ್ಪದೆ ಸೇವಿಸಬೇಕು. ಶಿಬಿರದಲ್ಲಿ ಹತ್ತು ದಿನದ ಗುಳಿಗೆ ಕೊಟ್ಟು ಕಳುಹಿಸಿದರೆ ಹನ್ನೊಂದನೆಯ ದಿನ ರೋಗಿಯು ತನಗೆ ಗುಣವಾಯಿತೆಂದು ಭಾವಿಸುತ್ತಾನೆ. ಜಗಳೂರು ಸೀಮೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಅಧಿಕ. ಹಲ್ಲು ಕಂದಿ ಕೀಲು ಬಿಗಿದವನಿಗೆ ನೋವಿನ ಗುಳಿಗೆಯನ್ನಷ್ಟೇ ಕೊಟ್ಟರೆ ಅವನು ಮನೆಗೆ ಹೋಗಿ ಅದೇ ಕೊಡದ ನೀರನ್ನೇ ಕುಡಿಯುತ್ತಾನೆ. ಯಾವ ನೀರು ಕುಡಿಯುತ್ತೀರಿ ಎಂದು ಕೇಳಿ, ಅದನ್ನು ಬರೆದುಕೊಂಡು, ತಿಳಿಹೇಳುವಷ್ಟು ಸಾವಧಾನ ನೂರಾರು ಜನರ ನಡುವೆ ಕುಳಿತ ವೈದ್ಯರಿಗೆ ದೊರೆಯದು. ಅದು ದಾದಿಗೆ ಸಲ್ಲುವ ಕೆಲಸ. ಆದರೆ ಅನೇಕ ಶಿಬಿರಗಳಲ್ಲಿ ಅವಳಿಗೆ ಚೀಟಿ ಬರೆಯುವ, ಸಾಲು ನಿಲ್ಲಿಸುವ ಕೆಲಸವೇ ಗತಿ. ಕೊನೆಗೆ ಅತಿಥಿಗಳ ಪಕ್ಕದಲ್ಲಿ ನಿಂತು ಭಾವಚಿತ್ರ ತೆಗೆಸಿಕೊಳ್ಳುವುದು!

1854ರಲ್ಲಿ 38 ಮಂದಿ ದಾದಿಯರೊಡನೆ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ತೆರಳಿದ ಫ್ಲಾರೆನ್ಸ್ ನೈಟಿಂಗೇಲರ ದೀಪವನ್ನು ಎಲ್ಲರೂ ಸ್ಮರಿಸುತ್ತಾರೆ. ಸತ್ತವರ ಸಂಖ್ಯೆಯನ್ನೂ ಕಾರಣವನ್ನೂ ಲೆಕ್ಕವಿಟ್ಟು ಸರ್ಕಾರದ ಕಣ್ಣು ತೆರೆಸಿದ ಅವರ ಲೇಖನಿಯನ್ನು ಸ್ಮರಿಸುವವರು ಕಡಿಮೆ. ನಮ್ಮ ದೇಶದಿಂದಲೇ 1938ರಲ್ಲಿ ಕಾಂಗ್ರೆಸ್ಸು ಚೀನಾಕ್ಕೆ ಕಳುಹಿಸಿದ ಐವರು ವೈದ್ಯರಲ್ಲಿ ಸೊಲ್ಲಾಪುರದ ಡಾ. ಕೋಟ್ನೀಸರು ಒಬ್ಬರು. ಜೊತೆಗಾರರಲ್ಲಿ ಹಲವರು ಮರಳಿದರೂ ಅವರು ಅಲ್ಲಿಯೇ ನಿಂತು, ಆ ಜನರ ಭಾಷೆಯನ್ನು ಕಲಿತು, 1942ರಲ್ಲಿ ಅಲ್ಲಿಯೇ ದೇಹವಿಟ್ಟರು. ಅಷ್ಟನ್ನು ಹೊಸ ದಾದಿಯರಿಂದ ನಾವು ಬಯಸುವುದಿಲ್ಲ; ಅವರಲ್ಲಿ ಬಹುಮಂದಿಗೆ ತೀರಿಸಬೇಕಾದ ಸಾಲವಿದೆ, ನೋಡಿಕೊಳ್ಳಬೇಕಾದ ಮನೆಯಿದೆ.

ಆದುದರಿಂದ ಶಿಬಿರ ನಡೆಸುವ ಮಹಾಶಯರಲ್ಲಿ ನಮ್ಮ ಬಿನ್ನಹವಿಷ್ಟು. ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿತವಾಗದ ತರುಣಿಯ ಕೈಗೆ ಸೂಜಿಯನ್ನು ಕೊಡಲಾಗದು. ನೋಂದಾಯಿತಳಾದವಳೂ ಅನುಭವಸ್ಥ ದಾದಿಯೊಬ್ಬರ ಮೇಲ್ವಿಚಾರಣೆಯಲ್ಲಿಯೇ ಇರತಕ್ಕದ್ದು. ಅವಳ ಪ್ರಯಾಣದ ವೆಚ್ಚವನ್ನೂ ರಾತ್ರಿಯಾದರೆ ಸುರಕ್ಷಿತ ವಸತಿಯನ್ನೂ ಶಿಬಿರದವರೇ ವಹಿಸಬೇಕು. ಸೇವೆಯೆಂದ ಮಾತ್ರಕ್ಕೆ ಸ್ವಂತ ಕೈಯಿಂದ ಬಸ್ಸಿನ ಹಣ ತೆರುವಂತಾಗಬಾರದು. ಹೊನ್ನಾಳಿ, ನ್ಯಾಮತಿಗಳಲ್ಲಿ ನಾಟಿಯ ಕಾಲ, ಚನ್ನಗಿರಿಯಲ್ಲಿ ಅಡಿಕೆ ಸುಲಿಯುವ ಕಾಲ ಬಂದಾಗ ಹಗಲಿನ ಶಿಬಿರಕ್ಕೆ ಹೆಂಗಸರು ಬರಲಾರರು, ಸಂಜೆಯೇ ಮೇಲು. ಎಲ್ಲಕ್ಕಿಂತ ಮುಖ್ಯವಾಗಿ, ದಾದಿಯು ಬರೆದ ರೋಗಿಗಳ ಪಟ್ಟಿಯು ಶಿಬಿರದವರ ಕಡತದಲ್ಲಿ ಮಲಗದೆ ಆ ಸಂಜೆಯೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳ ಕೈ ಸೇರಲಿ. ಅವರಿಂದ ಸ್ವೀಕೃತಿಯ ಸಹಿ ಪಡೆಯದೆ ಶಿಬಿರದ ಡೇರೆಯನ್ನು ಕೀಳಕೂಡದೆಂಬ ನಿಯಮವನ್ನು ಜಿಲ್ಲೆಯ ಆರೋಗ್ಯಾಧಿಕಾರಿಗಳು ವಿಧಿಸುವರೆಂದು ಆಶಿಸುತ್ತೇವೆ.