ಮನೆ ಬುಕ್ ಮಾಡಿದವರೂ ಬಿಲ್ಡರ್‌ಗೆ ಸಾಲ ಕೊಟ್ಟವರೇ: ಆರ್ಥಿಕ ಹಿಂಜರಿತ ಕಲಿಸಿದ ಪಾಠ

ಆರ್ಥಿಕತೆ ನಿಧಾನವಾದಾಗಲೆಲ್ಲ ಒಂದೇ ಬಗೆಯ ಜಾಹೀರಾತು ಕಣ್ಣಿಗೆ ಬೀಳುತ್ತದೆ. ಬಡ್ಡಿ ಇಳಿದಿದೆ, ಬಿಲ್ಡರ್ ರಿಯಾಯಿತಿ ಕೊಡುತ್ತಿದ್ದಾರೆ, ಮನೆ ಕೊಳ್ಳಲು ಇದೇ ಸಕಾಲ ಎನ್ನುವ ಜಾಹೀರಾತು. ಅದರಲ್ಲಿ ಅರ್ಧ ಸತ್ಯವಿದೆ. ಬೇಡಿಕೆ ಕುಗ್ಗಿದಾಗ ರಿಸರ್ವ್ ಬ್ಯಾಂಕ್ ಬಡ್ಡಿ ಇಳಿಸುವುದು ವಾಡಿಕೆ, ಮಾರಾಟವಿಲ್ಲದ ಬಿಲ್ಡರ್ ಚೌಕಾಸಿಗೆ ಬಗ್ಗುವುದೂ ನಿಜ. ಆದರೆ ನಿರ್ಮಾಣ ಹಂತದ ಫ್ಲ್ಯಾಟ್‌ಗೆ ಹಣ ಕಟ್ಟುವವರು ಕೇವಲ ಗ್ರಾಹಕರಲ್ಲ, ಆ ಯೋಜನೆಗೆ ಸಾಲ ಕೊಡುವವರೂ ಹೌದು. ಜಾಹೀರಾತು ಹೇಳದೆ ಬಿಡುವುದು ಇದನ್ನೇ. ಬ್ಯಾಂಕ್ ಅಡಮಾನ ಇಟ್ಟುಕೊಂಡು ಸಾಲ ಕೊಡುತ್ತದೆ. ನೀವು ಕೊಡುವುದು ಬರೀ ಒಪ್ಪಂದದ ಕಾಗದ ನಂಬಿ.

2018ರಿಂದ 2021ರವರೆಗಿನ ಘಟನೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಹಣದ ನಲ್ಲಿ ಬಂದ್ ಆದ ಬಗೆ

ಜಮೀನು ಖರೀದಿಗೆ ಬಿಲ್ಡರ್‌ಗಳಿಗೆ ಸಾಲ ಕೊಡಲು ಬ್ಯಾಂಕ್‌ಗಳಿಗೆ ಆರ್‌ಬಿಐ ನಿರ್ಬಂಧವಿತ್ತು. ಆ ಜಾಗ ತುಂಬಿದ್ದು ಬ್ಯಾಂಕೇತರ ಹಣಕಾಸು ಸಂಸ್ಥೆಗಳು ಮತ್ತು ಗೃಹ ಹಣಕಾಸು ಕಂಪನಿಗಳು. ಇವುಗಳಲ್ಲಿ ಹಲವು, ಮ್ಯೂಚುವಲ್ ಫಂಡ್‌ಗಳಿಂದ ಕೆಲವೇ ತಿಂಗಳ ಅವಧಿಗೆ ಹಣ ಎತ್ತಿ, ನಾಲ್ಕೈದು ವರ್ಷ ಹಿಡಿಯುವ ಕಟ್ಟಡ ಯೋಜನೆಗಳಿಗೆ ಕೊಡುತ್ತಿದ್ದವು. ಹಳೆಯ ಸಾಲ ತೀರಿಸಲು ಹೊಸ ಸಾಲ ಸಿಗುತ್ತಿದ್ದಷ್ಟು ಕಾಲ ಎಲ್ಲವೂ ಸುಸೂತ್ರವಾಗಿತ್ತು.

2018ರ ಸೆಪ್ಟೆಂಬರ್‌ನಲ್ಲಿ ಐಎಲ್ ಆ್ಯಂಡ್ ಎಫ್‌ಎಸ್ ಸಮೂಹ ಸಾಲದ ಕಂತು ತಪ್ಪಿಸಿತು. ಅದರ ಒಟ್ಟು ಸಾಲ ಸುಮಾರು 91,000 ಕೋಟಿ ರೂ. ಬೆಚ್ಚಿಬಿದ್ದ ಹೂಡಿಕೆದಾರರು ಇಡೀ ಬ್ಯಾಂಕೇತರ ವಲಯಕ್ಕೆ ಹೊಸ ಹಣ ಕೊಡಲು ಹಿಂಜರಿದರು. ಮುಂಬೈ ಮೂಲದ ದಿವಾನ್ ಹೌಸಿಂಗ್ ಫೈನಾನ್ಸ್ (ಡಿಎಚ್‌ಎಫ್‌ಎಲ್) ಮರುವರ್ಷ ಸಾಲ ಮರುಪಾವತಿಯಲ್ಲಿ ಎಡವಿತು. 2019ರ ನವೆಂಬರ್‌ನಲ್ಲಿ ಆರ್‌ಬಿಐ ಅದರ ಆಡಳಿತ ಮಂಡಳಿಯನ್ನು ತೆಗೆದುಹಾಕಿ, ದಿವಾಳಿ ಸಂಹಿತೆಯಡಿ ಪ್ರಕ್ರಿಯೆಗೆ ಕಳುಹಿಸಿತು. ಈ ಸಂಹಿತೆಯಡಿ ಬಂದ ಮೊದಲ ಹಣಕಾಸು ಕಂಪನಿ ಅದು.

ಸಾಲ ಕೊಡುವ ಕಂಪನಿಗೇ ಹಣ ಸಿಗದಿದ್ದಾಗ ಬಿಲ್ಡರ್‌ಗೆ ಮುಂದಿನ ಕಂತು ಬರಲಿಲ್ಲ. ಕೈಯಲ್ಲಿ ಹಣವಿಲ್ಲದ ಕಡೆ ಕೆಲಸ ನಿಂತಿತು. ಇದೆಲ್ಲ ಕೋವಿಡ್‌ಗೆ ಮೊದಲೇ ನಡೆದದ್ದು. ಅದರ ಮೇಲೆ ಲಾಕ್‌ಡೌನ್ ಬಂತು. ಮೊದಲ ಅಂದಾಜಿನಂತೆ 2020ರ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ಜಿಡಿಪಿ ಶೇ 23.9ರಷ್ಟು ಕುಸಿಯಿತು.

ಸಾಲ ಗ್ರಾಹಕರ ಹೆಸರಲ್ಲಿ, ಹಣ ಬಿಲ್ಡರ್ ಕೈಯಲ್ಲಿ

ಈ ಸರಪಳಿಯಲ್ಲಿ ಹೆಚ್ಚು ಪೆಟ್ಟು ತಿಂದವರಲ್ಲಿ 'ಸಬ್‌ವೆನ್ಷನ್' ಯೋಜನೆಯಡಿ ಫ್ಲ್ಯಾಟ್ ಬುಕ್ ಮಾಡಿದವರೂ ಸೇರಿದ್ದಾರೆ. ಗ್ರಾಹಕರು ಸಣ್ಣ ಮೊತ್ತ ಕಟ್ಟುತ್ತಾರೆ, ಉಳಿದದ್ದಕ್ಕೆ ಅವರ ಹೆಸರಿನಲ್ಲಿ ಗೃಹಸಾಲ ಮಂಜೂರಾಗುತ್ತದೆ, ಹಣ ನೇರ ಬಿಲ್ಡರ್ ಖಾತೆಗೆ ಹೋಗುತ್ತದೆ, ಮನೆ ಸಿಗುವವರೆಗೆ ಬಡ್ಡಿಯನ್ನು ಬಿಲ್ಡರ್ ಕಟ್ಟುತ್ತಾರೆ. 'ಕೀಲಿಕೈ ಸಿಗುವವರೆಗೆ ಇಎಂಐ ಇಲ್ಲ' ಎಂಬ ಘೋಷಣೆಯ ಒಳಗುಟ್ಟು ಇಷ್ಟೇ.

ಬಿಲ್ಡರ್ ಬಡ್ಡಿ ಕಟ್ಟುವುದನ್ನು ನಿಲ್ಲಿಸಿದ ದಿನ ಬ್ಯಾಂಕ್ ಬಂದು ನಿಲ್ಲುವುದು ಗ್ರಾಹಕರ ಮನೆಬಾಗಿಲಿಗೆ. ಏಕೆಂದರೆ ಕಾಗದದಲ್ಲಿ ಸಾಲಗಾರರು ಅವರೇ. ಮನೆ ಇಲ್ಲ, ಬಾಡಿಗೆ ತಪ್ಪಿಲ್ಲ, ಜೊತೆಗೆ ಇಎಂಐ. ಕಟ್ಟದಿದ್ದರೆ ಸಿಬಿಲ್ ಸ್ಕೋರ್ ಪಾತಾಳಕ್ಕೆ.

ಅಪಾಯದ ಸುಳಿವು ಮೊದಲೇ ಇತ್ತು. ನಿರ್ಮಾಣದ ಹಂತಕ್ಕೆ ತಕ್ಕಂತೆ ಮಾತ್ರ ಸಾಲ ಬಿಡುಗಡೆ ಮಾಡಬೇಕು ಎಂದು ಆರ್‌ಬಿಐ 2013ರಲ್ಲೇ ಬ್ಯಾಂಕ್‌ಗಳಿಗೆ ಸೂಚಿಸಿತ್ತು. ಬಿಲ್ಡರ್ ಬಡ್ಡಿ ಕಟ್ಟುವ ಸಾಲಗಳಿಂದ ದೂರವಿರಿ ಎಂದು ರಾಷ್ಟ್ರೀಯ ವಸತಿ ಬ್ಯಾಂಕ್ 2019ರ ಜುಲೈನಲ್ಲಿ ಗೃಹ ಹಣಕಾಸು ಕಂಪನಿಗಳಿಗೆ ಹೇಳಿತು. ಅಷ್ಟರಲ್ಲಿ ಸಾವಿರಾರು ಕುಟುಂಬಗಳು ಸಿಕ್ಕಿಬಿದ್ದಿದ್ದವು. ದಿಲ್ಲಿ ಎನ್‌ಸಿಆರ್‌ನ ಇಂಥ ಪ್ರಕರಣಗಳಲ್ಲಿ ಬ್ಯಾಂಕ್ ಮತ್ತು ಬಿಲ್ಡರ್‌ಗಳ ನಂಟಿನ ಬಗ್ಗೆ ಸಿಬಿಐ ವಿಚಾರಣೆಗೆ ಸುಪ್ರೀಂ ಕೋರ್ಟ್ ಆದೇಶಿಸಿದ್ದು 2025ರ ಏಪ್ರಿಲ್‌ನಲ್ಲಿ.

ಕಾನೂನು ಎಲ್ಲಿಯವರೆಗೆ ಕಾಯುತ್ತದೆ?

ಕಾನೂನು ಕೈಕಟ್ಟಿ ಕೂತಿತ್ತು ಎನ್ನಲಾಗದು. 2016ರ ರೇರಾ ಕಾಯ್ದೆಯಂತೆ, ಗ್ರಾಹಕರಿಂದ ಬಂದ ಹಣದ ಶೇ 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಅದೇ ಯೋಜನೆಯ ಜಮೀನು ಮತ್ತು ನಿರ್ಮಾಣ ವೆಚ್ಚಕ್ಕೆ ಬಳಸಬೇಕು. ಮಾರಾಟ ಒಪ್ಪಂದಕ್ಕೆ ಮೊದಲು ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಗಡುವು ಮೀರಿದರೆ ಬಡ್ಡಿ ಸಮೇತ ಹಣ ವಾಪಸ್ ಕೇಳುವ ಹಕ್ಕಿದೆ.

2018ರಲ್ಲಿ ದಿವಾಳಿ ಸಂಹಿತೆಗೆ ತಿದ್ದುಪಡಿ ತಂದು ಮನೆ ಖರೀದಿದಾರರನ್ನು 'ಹಣಕಾಸು ಸಾಲದಾತರು' ಎಂದು ಗುರುತಿಸಲಾಯಿತು. ಅಂದರೆ ಅವರೂ ಬಿಲ್ಡರ್‌ಗೆ ಸಾಲ ಕೊಟ್ಟವರೇ ಎಂಬುದನ್ನು ಸಂಸತ್ತೇ ಒಪ್ಪಿಕೊಂಡಿತು. ಆದರೆ ಅಡಮಾನ ಹಿಡಿದ ಬ್ಯಾಂಕ್‌ಗೆ ಇರುವ ಭದ್ರತೆ ಅವರಿಗಿಲ್ಲ. 2020ರ ತಿದ್ದುಪಡಿಯ ನಂತರ, ಒಬ್ಬರೇ ಹೋಗಿ ದಿವಾಳಿ ಅರ್ಜಿ ಹಾಕುವಂತೆಯೂ ಇಲ್ಲ. ಒಂದೇ ಯೋಜನೆಯ 100 ಮಂದಿ ಅಥವಾ ಶೇ 10ರಷ್ಟು ಖರೀದಿದಾರರು, ಯಾವುದು ಕಡಿಮೆಯೋ ಅಷ್ಟು ಜನ ಒಟ್ಟಾಗಬೇಕು.

ನೋಯ್ಡಾದ ಆಮ್ರಪಾಲಿ ಪ್ರಕರಣ ಇದಕ್ಕೆ ದೊಡ್ಡ ಉದಾಹರಣೆ. 40,000ಕ್ಕೂ ಹೆಚ್ಚು ಖರೀದಿದಾರರ ಹಣ ಬೇರೆಡೆ ಹರಿದುಹೋಗಿದೆ ಎಂದು ಕಂಡುಕೊಂಡ ಸುಪ್ರೀಂ ಕೋರ್ಟ್, 2019ರ ಜುಲೈನಲ್ಲಿ ಸಮೂಹದ ರೇರಾ ನೋಂದಣಿ ರದ್ದುಪಡಿಸಿ, ಕೆಲಸ ಮುಗಿಸುವ ಹೊಣೆಯನ್ನು ಸರ್ಕಾರಿ ಸಂಸ್ಥೆ ಎನ್‌ಬಿಸಿಸಿಗೆ ಕೊಟ್ಟಿತು. ಬ್ಯಾಂಕ್ ಮತ್ತು ಪ್ರಾಧಿಕಾರಗಳ ಬಾಕಿಯನ್ನು ಗ್ರಾಹಕರ ಫ್ಲ್ಯಾಟ್‌ಗಳಿಂದ ವಸೂಲಿ ಮಾಡುವಂತಿಲ್ಲ ಎಂದೂ ಹೇಳಿತು. ಗ್ರಾಹಕರು ಗೆದ್ದರು, ಆದರೆ ಆ ಗೆಲುವಿಗೆ ದೇಶದ ಅತ್ಯುನ್ನತ ನ್ಯಾಯಾಲಯವೇ ಬರಬೇಕಾಯಿತು.

ಅದೇ ವರ್ಷ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ, ಸ್ಥಗಿತಗೊಂಡ ಯೋಜನೆಗಳಿಗಾಗಿ 25,000 ಕೋಟಿ ರೂ. ನಿಧಿ ಘೋಷಿಸಿತು. ದೇಶದಲ್ಲಿ 1,600 ಯೋಜನೆಗಳ 4.58 ಲಕ್ಷ ಮನೆಗಳು ನಿಂತುಹೋಗಿವೆ ಎಂದು ಆಗ ಸರ್ಕಾರವೇ ತಿಳಿಸಿತ್ತು. 'ಸ್ವಾಮಿಹ್' ಹೆಸರಿನ ಆ ನಿಧಿಯಿಂದ 50,000 ಮನೆ ಪೂರ್ಣಗೊಂಡಿವೆ ಎಂದು 2025ರ ಬಜೆಟ್ ಭಾಷಣದಲ್ಲಿ ಹೇಳಲಾಯಿತು. ಐದು ವರ್ಷದ ಫಲಿತಾಂಶ ಇದು. ಇನ್ನೂ ಒಂದು ಲಕ್ಷ ಮನೆಗಳಿಗಾಗಿ 15,000 ಕೋಟಿ ರೂ.ಗಳ ಎರಡನೇ ನಿಧಿಯೂ ಘೋಷಣೆಯಾಯಿತು.

ಅಗ್ಗದ ಬಡ್ಡಿ ಕೊನೆಯವರೆಗೆ ಅಗ್ಗವಲ್ಲ

ಇನ್ನು ಬಡ್ಡಿಯ ಮಾತು. 2020ರ ಮೇನಲ್ಲಿ ರೆಪೊ ದರ ಶೇ 4ಕ್ಕೆ ಇಳಿದಿತ್ತು. 2022ರ ಮೇನಿಂದ 2023ರ ಫೆಬ್ರವರಿ ನಡುವೆ ಅದು ಶೇ 6.5ಕ್ಕೆ ಏರಿತು. 2019ರ ಅಕ್ಟೋಬರ್ ನಂತರ ಬ್ಯಾಂಕ್‌ಗಳು ಕೊಟ್ಟ ಬದಲಾಗುವ ದರದ ಗೃಹಸಾಲಗಳು ಹೊರಗಿನ ಮಾನದಂಡಕ್ಕೆ, ಬಹುತೇಕ ರೆಪೊಗೆ, ಜೋಡಣೆಯಾಗಿರುವುದರಿಂದ ಏರಿಕೆಯ ಬಿಸಿ ಬೇಗ ತಟ್ಟಿತು.

ಲೆಕ್ಕ ಹಾಕಿ ನೋಡಿ. 50 ಲಕ್ಷ ರೂ. ಸಾಲಕ್ಕೆ ಶೇ 7ರ ದರದಲ್ಲಿ 20 ವರ್ಷದ ಇಎಂಐ ಸುಮಾರು 38,765 ರೂ. ದರ ಶೇ 9.5 ಆದರೆ ಅದೇ ಇಎಂಐ ಸುಮಾರು 46,600 ರೂ. ಇಎಂಐ ಹೆಚ್ಚಿಸದೆ ಅವಧಿ ವಿಸ್ತರಿಸೋಣ ಎಂದರೆ, 50 ಲಕ್ಷಕ್ಕೆ ಶೇ 9.5ರಂತೆ ತಿಂಗಳ ಬಡ್ಡಿಯೇ 39,583 ರೂ. ಹಳೆಯ ಇಎಂಐ ಬಡ್ಡಿಗೂ ಸಾಲದು, ಅಸಲು ಕರಗುವ ಮಾತಂತೂ ಇಲ್ಲ. ಇಂಥ ಸ್ಥಿತಿ ಬಾರದಂತೆ ನೋಡಿಕೊಳ್ಳಬೇಕು, ಸ್ಥಿರ ದರಕ್ಕೆ ಬದಲಾಗುವ ಆಯ್ಕೆ ಕೊಡಬೇಕು ಎಂದು ಆರ್‌ಬಿಐ 2023ರ ಆಗಸ್ಟ್‌ನಲ್ಲಿ ಬ್ಯಾಂಕ್‌ಗಳಿಗೆ ಸೂಚಿಸಬೇಕಾಯಿತು.

2025ರ ಫೆಬ್ರವರಿಯಿಂದ ಜೂನ್‌ವರೆಗೆ ರೆಪೊ ಮತ್ತೆ ಶೇ 6.5ರಿಂದ 5.5ಕ್ಕೆ ಇಳಿಯಿತು. ಇಳಿದದ್ದು 20 ವರ್ಷ ಅಲ್ಲೇ ನಿಲ್ಲುವುದಿಲ್ಲ. ಸಾಲ ಮಾಡುವ ದಿನದ ದರಕ್ಕಿಂತ ಎರಡೂವರೆ ಪಾಯಿಂಟ್ ಹೆಚ್ಚಾದರೂ ಕಂತು ಕಟ್ಟಬಲ್ಲೆವೇ ಎಂದು ಕೇಳಿಕೊಳ್ಳುವುದೇ ಸರಿಯಾದ ಪರೀಕ್ಷೆ.

ಹಾಗಾದರೆ ಹಿಂಜರಿತದಲ್ಲಿ ಕೊಳ್ಳಲೇಬಾರದೇ?

ಹಾಗೇನಿಲ್ಲ. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮಹಾರಾಷ್ಟ್ರ ಮುದ್ರಾಂಕ ಶುಲ್ಕವನ್ನು ಮೂರು ಪಾಯಿಂಟ್ ಇಳಿಸಿತ್ತು. ಆಗ ಮುಂಬೈ, ಪುಣೆಯಲ್ಲಿ ಸಿದ್ಧ ಮನೆ ಕೊಂಡವರಿಗೆ ಕಡಿಮೆ ಬಡ್ಡಿ, ಕಡಿಮೆ ಶುಲ್ಕ ಎರಡೂ ದಕ್ಕಿದವು. ಕೆಲಸ ಭದ್ರವಿದ್ದು, ಕಣ್ಣೆದುರು ಮನೆ ಇದ್ದವರಿಗೆ ಅದು ಒಳ್ಳೆಯ ಸಮಯವೇ ಆಗಿತ್ತು. ಅಂದರೆ ಹಿಂಜರಿತದಲ್ಲಿ ಅಪಾಯವಿರುವುದು ಮನೆಯಲ್ಲಿ ಅಲ್ಲ, ಇನ್ನೂ ಕಟ್ಟದ ಮನೆಯಲ್ಲಿ.

ಹೂಡಿಕೆದಾರರ ವಿಷಯದಲ್ಲಿ ಸೆಬಿ ಈ ವ್ಯತ್ಯಾಸವನ್ನು ನಿಯಮದಲ್ಲೇ ಬರೆದಿದೆ. 2019ರಲ್ಲಿ ಬೆಂಗಳೂರು ಮೂಲದ ಎಂಬೆಸಿಯಿಂದ ಆರಂಭವಾದ ರೀಟ್‌ಗಳು ತಮ್ಮ ಆಸ್ತಿಯ ಕನಿಷ್ಠ ಶೇ 80ರಷ್ಟನ್ನು ಪೂರ್ಣಗೊಂಡ, ಬಾಡಿಗೆ ತರುವ ಕಟ್ಟಡಗಳಲ್ಲೇ ಇಡಬೇಕು. ಕೆಲವೇ ನೂರು ರೂಪಾಯಿಯ ಯೂನಿಟ್ ಕೊಳ್ಳುವವರಿಗೆ ಇಷ್ಟು ರಕ್ಷಣೆ. ಜೀವಮಾನದ ಉಳಿತಾಯ ಕೊಟ್ಟು ಅಡಿಪಾಯದ ಗುಂಡಿ ನೋಡಿ ಬರುವವರಿಗೆ ಅಂಥ ಮಿತಿಯಿಲ್ಲ. ಅವರ ಹಣ ನೂರಕ್ಕೆ ನೂರು ನಿರ್ಮಾಣದ ಅಪಾಯದಲ್ಲೇ ಇರುತ್ತದೆ.

ಆದ್ದರಿಂದ ಸಾಲ ಕೊಡುವವರು ಕೇಳುವ ಪ್ರಶ್ನೆಗಳನ್ನೇ ಕೊಳ್ಳುವವರೂ ಕೇಳಬೇಕು. ರೇರಾ ಜಾಲತಾಣದಲ್ಲಿ ಯೋಜನೆಯ ತ್ರೈಮಾಸಿಕ ಪ್ರಗತಿ ದಾಖಲಾಗಿದೆಯೇ? ಜಮೀನು ಯಾರಿಗಾದರೂ ಅಡಮಾನವಾಗಿದೆಯೇ? ಆಗಿದ್ದರೆ ನಿಮ್ಮ ಫ್ಲ್ಯಾಟ್ ಮಾರಾಟಕ್ಕೆ ಆ ಸಾಲದಾತರ ಒಪ್ಪಿಗೆ ಪತ್ರ ಇದೆಯೇ? ಸಾಲದ ಹಣ ನಿರ್ಮಾಣದ ಹಂತ ನೋಡಿ ಬಿಡುಗಡೆಯಾಗುತ್ತದೆಯೇ? ಬಿಲ್ಡರ್‌ನ ಹಿಂದಿನ ಯೋಜನೆ ಗಡುವಿಗೆ ಮುಗಿದಿದೆಯೇ? ಸಿದ್ಧ ಮನೆಗೆ ಪೂರ್ಣಗೊಂಡ ಪ್ರಮಾಣಪತ್ರ ಬಂದ ನಂತರ ಜಿಎಸ್‌ಟಿ ಇಲ್ಲ, ನಿರ್ಮಾಣ ಹಂತದ ಸಾಮಾನ್ಯ ಫ್ಲ್ಯಾಟ್‌ಗೆ ಶೇ 5 ಇದೆ. ಬೆಲೆಯ ಅಂತರ ಅಳೆಯುವಾಗ ಇದನ್ನೂ ಸೇರಿಸಿ.

ಮುಂಬೈಯಲ್ಲೋ ಹೈದರಾಬಾದ್‌ನಲ್ಲೋ ದುಡಿಯುತ್ತಾ, ಊರಿಗೆ ಹತ್ತಿರವಿರಲಿ ಎಂದು ಬೆಂಗಳೂರಿನಲ್ಲಿ ಫ್ಲ್ಯಾಟ್ ಬುಕ್ ಮಾಡುವ ಕನ್ನಡಿಗರಿಗೆ ಈ ಪ್ರಶ್ನೆಗಳು ಇನ್ನೂ ಮುಖ್ಯ. ವಾರಕ್ಕೊಮ್ಮೆ ಸೈಟ್‌ಗೆ ಹೋಗಿ ನೋಡಿಬರಲು ಅವರಿಗೆ ಆಗುವುದಿಲ್ಲ, ಬಿಲ್ಡರ್ ಕಳುಹಿಸುವ ಫೋಟೊಗಳನ್ನೇ ನಂಬಬೇಕಾಗುತ್ತದೆ. ರೇರಾ ಪುಟ ಎಲ್ಲಿಂದ ಬೇಕಾದರೂ ತೆರೆಯುತ್ತದೆ. ಮೊದಲ ಚೆಕ್ ಬರೆಯುವ ಮುನ್ನ ಅದನ್ನು ತೆರೆಯುವುದು ಅರ್ಧ ಗಂಟೆಯ ಕೆಲಸ.