ಬಯಲಲ್ಲಿ ಮಕ್ಕಳು, ಮೊಬೈಲಿನಲ್ಲಿ ಗುಮ್ಮ

2022ರ ಸೆಪ್ಟೆಂಬರ್ 13. ವಿಜಯಪುರದ ಕಡೆಯಿಂದ ಪಂಢರಪುರಕ್ಕೆ ಹೊರಟಿದ್ದ ಉತ್ತರ ಪ್ರದೇಶದ ನಾಲ್ವರು ಸಾಧುಗಳು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಲವಂಗಾದಲ್ಲಿ ಒಬ್ಬ ಹುಡುಗನ ಹತ್ತಿರ ಹಾದಿ ಕೇಳಿದರು. ನೋಡಿದವರಿಗೆ ಮಕ್ಕಳ ಕಳ್ಳರು ಅನ್ನಿಸಿತು. ಜನ ಸೇರಿ ಬಡಿಗೆಯಿಂದ ಹೊಡೆದರು. ಪೊಲೀಸರು ಗುರುತಿನ ಚೀಟಿ ನೋಡಿದ ಮೇಲೆ ಅವರು ನಿಜವಾದ ಸಾಧುಗಳೆಂದು ಖಾತ್ರಿಯಾಯಿತು. ತಪ್ಪು ತಿಳಿವಳಿಕೆಯಿಂದ ಆದದ್ದೆಂದು ಸಾಧುಗಳು ದೂರು ಕೊಡಲಿಲ್ಲ. ಪೊಲೀಸರೇ ಪ್ರಕರಣ ದಾಖಲಿಸಿ ಕೆಲವರನ್ನು ಬಂಧಿಸಿದರು.

ಪರಸ್ಥಳದವರನ್ನು ಕಾಣದ ಸೀಮೆ ಇದಲ್ಲ. ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೆ ಕರ್ನಾಟಕದ ಭಕ್ತರು ಇದೇ ತಾಲ್ಲೂಕಿನ ಹಾದಿ ಹಿಡಿದು ಬರುತ್ತಾರೆ. ಹಳ್ಳಿಗೆ ಹೊಸಬರು ಬಂದರೆ ಮೊದಲು ಎದುರಾಗುವವರು ಬಯಲಲ್ಲಿ ಚಿಣಿದಾಂಡು ಆಡುವ ಮಕ್ಕಳೇ. ಹಾದಿ ಹೇಳುವವರೂ ಅವರೇ. ಅಂಥ ಒಬ್ಬ ಹುಡುಗನ ಹತ್ತಿರ ಹಾದಿ ಕೇಳಿದ್ದಕ್ಕೇ ಪೆಟ್ಟು ಬಿತ್ತು. ನನ್ನನ್ನು ಹೆಚ್ಚು ಕಾಡುವುದು ಆ ಹುಡುಗ.

ಈ ಭಯ ಎಲ್ಲಿಂದ ಬಂತು? 2018ರಲ್ಲಿ ದೇಶದ ತುಂಬ ಹರಿದಾಡಿದ ಒಂದು ವಿಡಿಯೊದಲ್ಲಿ ಬೈಕಿನವರು ಬೀದಿಯಲ್ಲಿ ಕ್ರಿಕೆಟ್ ಆಡುತ್ತಿದ್ದ ಪೋರನನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲೆಂದೇ ಮಾಡಿದ ಚಿತ್ರ. ಕೊನೆಗೆ ಬೈಕಿನವರು ಮಗುವನ್ನು ತಂದು ಬಿಡುತ್ತಾರೆ. ಆ ಕೊನೆಯನ್ನು ಕತ್ತರಿಸಿ ಉಳಿದದ್ದನ್ನು ಹಂಚಿದರು. ಅದೇ ವರ್ಷದ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ಭಿಕ್ಷೆಗೆ ಹೋದ ಐವರು ನಾಥಪಂಥಿ ಡವರಿ ಗೋಸಾವಿಗಳನ್ನು ಮಕ್ಕಳ ಕಳ್ಳರೆಂದು ಜನ ಹೊಡೆದು ಕೊಂದರು. ಅವರಲ್ಲಿ ಹೆಚ್ಚಿನವರು ಜತ್ತಕ್ಕೆ ಹೊಂದಿಕೊಂಡ ಮಂಗಳವೇಢೆಯವರು. ಎರಡೇ ವಾರದಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬ ಜನರ ಹೊಡೆತಕ್ಕೆ ಸತ್ತ. ಅವನ ಜೊತೆಗಾರ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ನೆಪ.

ಯಾರ ಮಗುವೂ ಕಳೆದಿರಲಿಲ್ಲ. ಆಗದ ನೋವಿಗೆ ಆದ ಪೆಟ್ಟುಗಳಿವು. ತಲೆಮಾರುಗಳಿಂದ ಮನೆಬಾಗಿಲಿಗೆ ಬರುತ್ತಿದ್ದ ಗೋಸಾವಿ ಈಗ ಅಂಗಳಕ್ಕೆ ಕಾಲಿಡಲು ಅಂಜುತ್ತಾನೆ. ಅವನನ್ನು ಕಂಡ ತಾಯಿ ಆಡುವ ಮಗುವನ್ನು ಒಳಗೆಳೆದುಕೊಳ್ಳುತ್ತಾಳೆ. ತಾಯಿಯ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಅದು ತಪ್ಪು ದಿಕ್ಕಿಗೆ ತಿರುಗಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ (ಪೊಕ್ಸೊ) ಪ್ರಕರಣಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಆರೋಪಿಗಳು ಮಗುವಿಗೆ ಗೊತ್ತಿದ್ದವರೇ ಎನ್ನುತ್ತವೆ ರಾಷ್ಟ್ರೀಯ ಅಪರಾಧ ದಾಖಲೆಗಳು.

ಬಯಲಿನ ನಿಜವಾದ ಕಂಟಕ ನೆಲದಲ್ಲಿದೆ. 2017ರ ಏಪ್ರಿಲ್‌ನಲ್ಲಿ ಪಕ್ಕದ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಆಡುತ್ತಿದ್ದ ಆರು ವರ್ಷದ ಹುಡುಗಿ ತೆರೆದ ಕೊಳವೆಬಾವಿಗೆ ಬಿದ್ದು ತೀರಿಕೊಂಡಳು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಅದೇ ರೀತಿ ಬಿದ್ದ ಪುಟ್ಟ ಮಗು ಸುಮಾರು 20 ತಾಸಿನ ಹೋರಾಟದ ನಂತರ ಬದುಕಿ ಬಂತು. ಬತ್ತಿದ ಬೋರು ಮುಚ್ಚಬೇಕು, ಕೊರೆಯುವಾಗ ಸುತ್ತ ಬೇಲಿ ಕಟ್ಟಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಬರದ ಜತ್ತದಲ್ಲಿ ನೀರಿಗಾಗಿ ನೆಲ ಕೊರೆಯದ ಊರು ಯಾವುದಿದೆ? ಪ್ಲಾಸ್ಟಿಕ್ ಹಾಸಿದ ಶೇತತಳೆಗೆ (ಕೃಷಿ ಹೊಂಡಕ್ಕೆ) ಜಾರಿದರೆ ದೊಡ್ಡವರಿಗೂ ಮೇಲೆ ಬರುವುದು ಕಷ್ಟ.

ವದಂತಿ ಹಬ್ಬಿದಾಗ ಪೊಲೀಸರ ಎಚ್ಚರಿಕೆ ಮರಾಠಿಯ ಜೊತೆ ಕನ್ನಡದಲ್ಲೂ ಬರಬೇಕು. ಜತ್ತದ ಪೂರ್ವಭಾಗದ ಜಿಲ್ಲಾ ಪರಿಷತ್ ಕನ್ನಡ ಶಾಲೆಗಳ ಗುರುಗಳು ಅದನ್ನು ತರಗತಿಯಲ್ಲಿ ಓದಿ ಹೇಳಲಿ; ಅನುಮಾನ ಬಂದರೆ ಬಡಿಗೆ ಹಿಡಿಯದೆ 112ಕ್ಕೆ ಫೋನ್ ಮಾಡುವುದನ್ನು ಮನೆಯವರಿಗೂ ಮುಟ್ಟಿಸಲಿ. ಮುಂದಿನ ಗ್ರಾಮಸಭೆಯಲ್ಲಿ ಊರಿನ ಬತ್ತಿದ ಬೋರುಗಳ ಪಟ್ಟಿಯನ್ನು ಹೊಲದ ಮಾಲೀಕರ ಹೆಸರಿನೊಂದಿಗೆ ಗಟ್ಟಿಯಾಗಿ ಓದಲಿ.